ಹೊಸ ಮಾದರಿಯ ಸುದ್ದಿ ನಮಗೆ ಮಾತ್ರ ಗೊತ್ತಿದ್ದಾಗ

ನಾವು ಕೈವಾರದವರು. ನಮ್ಮ ತಂದೆಯವರು ರಸ್ತೆಯ ಬದಿಯಲ್ಲಿ ತಗಡಿನ ಶೆಡ್ಡೊಂದನ್ನು ಹಾಕಿಕೊಂಡು ಟ್ರ್ಯಾಕ್ಟರ್, ಟೆಂಪೊ, ಮೋಟಾರ್ ಸೈಕಲ್‌ಗಳನ್ನು ರಿಪೇರಿ ಮಾಡಿ ನಮ್ಮನ್ನು ಸಾಕಿದರು. ಅವರ ನಂತರ ನಾವು ಅಣ್ಣತಮ್ಮಂದಿರಿಬ್ಬರೂ ಚಿಂತಾಮಣಿಯಲ್ಲಿ ಹಳೆಯ ಕಾರುಗಳನ್ನು ಕೊಂಡು ಮಾರುವ ವ್ಯಾಪಾರಕ್ಕೆ ಕೈ ಹಾಕಿದೆವು. ಎಂಜಿನ್ನಿನ ದೋಷವನ್ನು ಮರೆಮಾಡಿ ಗಾಡಿ ಮಾರಬಾರದು, ಮೀಟರ್ ಹಿಂದಕ್ಕೆ ತಿರುಗಿಸಬಾರದು ಎಂಬುದು ತಂದೆಯವರು ನಮಗೆ ಬಿಟ್ಟುಹೋದ ನಿಯಮ. ಅದನ್ನು ನಾವು ಮುರಿದಿಲ್ಲ. ಆದುದರಿಂದಲೇ ನಮ್ಮ ವ್ಯಾಪಾರ ಶುದ್ಧವಾಗಿದೆ ಎಂಬ ನೆಮ್ಮದಿ ಬಹಳ ಕಾಲ ನಮ್ಮಲ್ಲಿತ್ತು. ಆ ನೆಮ್ಮದಿಯನ್ನು ಕಳೆದ ವರ್ಷ ಒಂದು ಕಾರು ಕದಡಿತು. ಅದನ್ನು ಇಲ್ಲಿ ಬರೆಯುವುದು ನಮಗೆ ಹೆಮ್ಮೆಯ ಕೆಲಸವಲ್ಲ. ಆದರೆ ನಮ್ಮ ಸಮುದಾಯದ ಎಷ್ಟೋ ಕುಟುಂಬಗಳು ವಾಹನ, ರೇಷ್ಮೆ, ಗುಜರಿ, ಮೊಬೈಲ್ ಮುಂತಾದ ವ್ಯಾಪಾರಗಳಲ್ಲಿ ಇರುವುದರಿಂದ, ನಮಗೆ ಆದದ್ದು ಬೇರೆಯವರಿಗೂ ಒಂದು ಎಚ್ಚರವಾದೀತೆಂದು ಬರೆಯುತ್ತಿದ್ದೇವೆ.

2025ರ ಜನವರಿಯ ಮಾತು. ನಮ್ಮಲ್ಲಿ ಟರ್ಬೊ ಪೆಟ್ರೋಲ್ ಎಂಜಿನ್ನಿನ, ವೇಗಕ್ಕೆ ಹೆಸರಾದ ಒಂದು ಕಾರು ನಿಂತಿತ್ತು. ಕಂಪನಿಯ ಹೆಸರು ಇಲ್ಲಿ ಬೇಡ. ಅದರದ್ದೇನೂ ತಪ್ಪಿಲ್ಲ. ಮೂರು ವರ್ಷದ ಗಾಡಿ, ಒಬ್ಬರೇ ಮಾಲೀಕರ ಕೈಯಲ್ಲಿ ಓಡಿದ್ದು. ಬೆಂಗಳೂರಿನಿಂದ 9,20,000 ರೂಪಾಯಿಗೆ ತಂದಿದ್ದೆವು. ಶಿಡ್ಲಘಟ್ಟದ ರೀಲರ್ ಒಬ್ಬರ ಮಗ ಅದನ್ನು ನೋಡಲು ಮೂರು ಬಾರಿ ಬಂದಿದ್ದ. ನಾಲ್ಕು ವರ್ಷ ತಂದೆಯ ನೂಲು ಬಿಚ್ಚುವ ಘಟಕದಲ್ಲಿ ಸಂಬಳವಿಲ್ಲದೆ ದುಡಿದ ಹುಡುಗ. ಕುದಿಯುವ ನೀರಿನ ಆವಿಯಲ್ಲಿ ಹಗಲಿಡೀ ನಿಂತು, ಸಂಜೆ ಫೋನಿನಲ್ಲಿ ಕಾರುಗಳ ಚಿತ್ರ ನೋಡುತ್ತಿದ್ದನೆಂದು ಅವನ ತಂದೆಯೇ ನಗುತ್ತ ಹೇಳಿದ್ದರು. ಮಗನ ಆ ಒಂದು ಆಸೆಯನ್ನು ಪೂರೈಸಲು ಅವರು ಹಣ ಕೂಡಿಸಿದ್ದರು.

ಅವರು ಬರುವ ಹಿಂದಿನ ದಿನ ಶೋರೂಮಿನಲ್ಲಿ ಕೆಲಸ ಮಾಡುವ ಪರಿಚಯಸ್ಥರೊಬ್ಬರು ನಮಗೆ ಫೋನು ಮಾಡಿ ಒಂದು ಸುದ್ದಿ ತಿಳಿಸಿದರು. ಅದೇ ಕಾರಿನ ಹೊಸ ಮಾದರಿ ಒಂದು ತಿಂಗಳೊಳಗೆ ಬರಲಿದೆ, ಶಕ್ತಿ ಹೆಚ್ಚು, ಬೆಲೆ ಹೆಚ್ಚುಕಡಿಮೆ ಹಳೆಯದ್ದೇ, ಕೈಯಲ್ಲಿರುವುದನ್ನು ಬೇಗ ಕಳೆದುಕೊಳ್ಳಿ ಎಂದರು.

ಮರುದಿನ ಶುಕ್ರವಾರ. ಜುಮಾಕ್ಕೆ ಮುಂಚೆ ತಂದೆ ಮಗ ಇಬ್ಬರೂ ಬಂದರು. ತಂದೆ ಕೇಳಿದ್ದು ಒಂದೇ ಮಾತು: "ಬೇಟಾ, ಗಾಡಿಗೆ ಏನೂ ತೊಂದರೆ ಇಲ್ಲವಷ್ಟೇ?" ನಾವು ಹೇಳಿದೆವು: "ಇಲ್ಲ ಚಾಚಾ, ನಿಮ್ಮ ಮೆಕ್ಯಾನಿಕ್ ಬಂದು ನೋಡಲಿ." ಹೇಳಿದ್ದೆಲ್ಲವೂ ಸತ್ಯವಾಗಿತ್ತು. ನಾವು ಕೇಳಿದ್ದ 10,50,000ಕ್ಕೆ ಹತ್ತು ಸಾವಿರ ಇಳಿಸಿ, ಇವತ್ತೇ ಮುಗಿಸಿಬಿಡೋಣ ಎಂದೆವು. ಆ ಹತ್ತು ಸಾವಿರವನ್ನು ಅವರು ನಮ್ಮ ಉಪಕಾರವೆಂದು ತಿಳಿದರು. 10,40,000 ರೂಪಾಯಿ ಎಣಿಸಿ ಕೊಟ್ಟು, ನಮ್ಮ ಮಕ್ಕಳಿಗೆ ದುಆ ಮಾಡಿ ಹೋದರು. ನಾವು ವುಝೂ ಮಾಡಿ ಮಸೀದಿಗೆ ನಡೆದೆವು.

ಇಲ್ಲಿ ಒಂದು ಕ್ಷಣ ನಿಂತು, ಹೊಸ ಮಾದರಿ ಬಂದರೆ ಹಳೆಯ ಕಾರಿನ ಬೆಲೆಗೆ ಏನಾಗುತ್ತದೆಂಬುದನ್ನು ವಿವರಿಸಬೇಕು. ಇಲ್ಲದಿದ್ದರೆ ನಮ್ಮ ಮೌನದ ತೂಕ ಓದುಗರಿಗೆ ತಿಳಿಯದು.

ಯಾವ ಕಾರಾದರೂ ಶೋರೂಮಿನಿಂದ ಹೊರಬಂದ ದಿನದಿಂದಲೇ ಬೆಲೆ ಕಳೆದುಕೊಳ್ಳುತ್ತದೆ. ನಮ್ಮ ರಾಜ್ಯದಲ್ಲಿ 10 ಲಕ್ಷದಿಂದ 20 ಲಕ್ಷದವರೆಗಿನ ಕಾರಿಗೆ ಶೇಕಡ 17ರಷ್ಟು ಲೈಫ್ ಟ್ಯಾಕ್ಸ್, ಅದರ ಮೇಲೆ ಸೆಸ್ ಕಟ್ಟಬೇಕು. ಎರಡನೆಯ ಮಾಲೀಕ ಆ ಹಣವನ್ನು ಪೂರ್ತಿಯಾಗಿ ನಮಗೆ ಕಟ್ಟಿಕೊಡುವುದಿಲ್ಲ. ವಿಮೆಯ ಲೆಕ್ಕದಲ್ಲಿಯೂ ಇಳಿಕೆಗೆ ಒಂದು ಪಟ್ಟಿಯಿದೆ. ಆರು ತಿಂಗಳವರೆಗೆ ಶೇಕಡ 5, ಒಂದು ವರ್ಷದವರೆಗೆ 15, ಎರಡು ವರ್ಷದವರೆಗೆ 20, ಮೂರು ವರ್ಷದವರೆಗೆ 30, ನಾಲ್ಕರವರೆಗೆ 40, ಐದರವರೆಗೆ 50. ಇದು ಎಲ್ಲ ಕಾರುಗಳಿಗೂ ಒಂದೇ. ಆದರೆ ಮಾರುಕಟ್ಟೆ ಎಲ್ಲ ಕಾರುಗಳನ್ನೂ ಒಂದೇ ಕಣ್ಣಿನಿಂದ ನೋಡುವುದಿಲ್ಲ. ಮನೆಮಂದಿಯನ್ನು ಹೊರುವ ಸಾಧಾರಣ ಕಾರನ್ನು ಹತ್ತು ಜನ ಕೇಳುತ್ತಾರೆ. ವೇಗದ ಕಾರನ್ನು ಕೇಳುವವರು ಒಬ್ಬಿಬ್ಬರು. ಕೇಳುವವನಿಗೂ ಅನುಮಾನ: ಮೊದಲಿನವನು ಹೇಗೆ ಓಡಿಸಿದ್ದನೋ, ಎಂಜಿನ್ನಿನ ಕಂಪ್ಯೂಟರನ್ನು ಬದಲಿಸಿ ಶಕ್ತಿ ಹೆಚ್ಚಿಸಿದ್ದನೋ, ಕ್ಲಚ್ಚು ಎಷ್ಟು ಸವೆದಿದೆಯೋ. ಇದಲ್ಲದೆ ಇಂಥ ಕಾರನ್ನು ಜನ ಕೊಳ್ಳುವುದು ಅದು ಎಲ್ಲರದ್ದಕ್ಕಿಂತ ಮುಂದಿದೆ ಎಂಬ ಕಾರಣಕ್ಕೆ. ಅದಕ್ಕಿಂತ ಮುಂದಿನದು ಅದೇ ಬೆಲೆಗೆ ಬಂದ ದಿನ ಆ ಕಾರಣವೇ ಇಲ್ಲವಾಗುತ್ತದೆ.

ಕೆಲವೊಮ್ಮೆ ಹೊಸ ಮಾದರಿಯೂ ಬೇಕಿಲ್ಲ. 2016ರ ಕೊನೆಯಲ್ಲಿ ಫೋಕ್ಸ್‌ವ್ಯಾಗನ್ ಪೋಲೊ ಜಿಟಿಐ ಎಂಬ ಮೂರು ಬಾಗಿಲಿನ ವೇಗದ ಕಾರು ನಮ್ಮ ದೇಶಕ್ಕೆ ಬಂತು. ತರಿಸಿದ್ದು 99 ಕಾರುಗಳನ್ನು ಮಾತ್ರ. ಬೆಲೆ ಸುಮಾರು 26 ಲಕ್ಷ. ಮರುವರ್ಷವೇ ಅದರ ಬೆಲೆಯನ್ನು ಸುಮಾರು 20 ಲಕ್ಷಕ್ಕೆ ಇಳಿಸಲಾಯಿತು. ಮೊದಲೇ ಕೊಂಡವರ ಕಾರು ಶೆಡ್ಡಿನಲ್ಲಿ ನಿಂತಲ್ಲೇ ಆರು ಲಕ್ಷದ ಮಾತು ಬದಲಾಯಿತು.

ಇದಕ್ಕೆ ವಿರುದ್ಧವಾದದ್ದೂ ಉಂಟು. ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 2017ರಲ್ಲಿ 24.62 ಲಕ್ಷಕ್ಕೆ ಬಂದಿತ್ತು. 2020ರಲ್ಲಿ ಅದರ ಮುಂದಿನ ಮಾದರಿ ಹೊರದೇಶದಿಂದ ಸಿದ್ಧವಾಗಿಯೇ ಬಂದಾಗ ಬೆಲೆ 35.99 ಲಕ್ಷ, ಸಂಖ್ಯೆ 200 ಮಾತ್ರ. ಹೊಸದು ಹನ್ನೊಂದು ಲಕ್ಷ ದುಬಾರಿಯಾದಾಗ ಹಳೆಯದನ್ನು ಇಟ್ಟುಕೊಂಡವನಿಗೆ ಹೆದರುವ ಕಾರಣವಿಲ್ಲ. ಪೋಲೊ ಜಿಟಿ ಟಿಎಸ್‌ಐ ಕಾರಿನಲ್ಲಿ 2013ರಿಂದ ಏಳು ಗೇರಿನ ಡಿಎಸ್‌ಜಿ ಪೆಟ್ಟಿಗೆ ಇತ್ತು. 2020ರ ಬಿಎಸ್-6 ಮಾದರಿಯಲ್ಲಿ ಅದು ಹೋಗಿ ಬೇರೆ ಬಗೆಯ ಆರು ಗೇರಿನ ಪೆಟ್ಟಿಗೆ ಬಂತು. 2022ರಲ್ಲಿ ಪೋಲೊ ತಯಾರಿಕೆಯೇ ನಮ್ಮ ದೇಶದಲ್ಲಿ ನಿಂತಿತು. ಆಮೇಲೆ ಅದನ್ನು ಮೆಚ್ಚಿದವರು ಹಳೆಯದನ್ನೇ ಹುಡುಕತೊಡಗಿದರು. ನಮ್ಮ ತಂದೆಯವರ ಕಾಲದ ಯಮಹಾ ಆರ್‌ಎಕ್ಸ್ 100 ಇದಕ್ಕೆ ಎಲ್ಲರೂ ಬಲ್ಲ ಉದಾಹರಣೆ. 1996ರಲ್ಲಿ ತಯಾರಿಕೆ ನಿಂತ ಆ ಬೈಕಿಗೆ ಇಂದು ಕೊಡುವ ಹಣ ಅದು ಹೊಸದಾಗಿದ್ದಾಗಿನ ಬೆಲೆಯ ಹಲವು ಪಟ್ಟು.

ಹೀಗೆ ಹೊಸದು ಬಂದಾಗ ಹಳೆಯದು ಇಳಿಯಲೂಬಹುದು, ನಿಲ್ಲಲೂಬಹುದು, ಏರಲೂಬಹುದು. ಯಾವುದಾಗುತ್ತದೆಂಬುದು ಹೊಸದರ ಬೆಲೆ, ಶಕ್ತಿ, ಸಂಖ್ಯೆಗಳನ್ನು ಅವಲಂಬಿಸಿದೆ. ಅದನ್ನು ಮೊದಲೇ ತಿಳಿದವನ ಕೈಯಲ್ಲಿ ಒಂದು ಬಲವಿರುತ್ತದೆ. ಆ ಶುಕ್ರವಾರ ಆ ಬಲ ನಮ್ಮ ಕೈಯಲ್ಲಿತ್ತು. ಎದುರಿಗೆ ಕುಳಿತವರ ಕೈಯಲ್ಲಿ ಇರಲಿಲ್ಲ.

ಫೆಬ್ರವರಿಯಲ್ಲಿ ಹೊಸ ಮಾದರಿ ಬಂತು. ತಿಂಗಳ ಕೊನೆಯ ವಾರ ತಂದೆ ಮಗ ಮತ್ತೆ ಬಂದರು. ನೂಲಿನ ಹಣ ಬರುವುದು ತಡವಾಗಿತ್ತು. ರೀಲರುಗಳಿಗೆ ಗೂಡು ಕೊಳ್ಳಲು ದಿನವೂ ಕೈಯಲ್ಲಿ ಹಣವಿರಬೇಕು. ಇಲ್ಲದಿದ್ದರೆ ಘಟಕದ ಒಲೆ ಆರುತ್ತದೆ. ಕಾರನ್ನು ಮಾರಿಬಿಡೋಣವೆಂದು ಹುಡುಗನೇ ಹೇಳಿದನಂತೆ. ನಾವು ಗಾಡಿಯನ್ನು ಸುತ್ತು ಹಾಕಿ ನೋಡಿ, "ಈಗಿನ ಮಾರುಕಟ್ಟೆಯಲ್ಲಿ 8,25,000 ಕೊಡಬಹುದು" ಎಂದೆವು. ಅದೂ ಸತ್ಯವಾದ ಬೆಲೆಯೇ ಆಗಿತ್ತು.

ಹುಡುಗ ನಮ್ಮ ಮುಖವನ್ನೇ ನೋಡಿ, "ಭಾಯ್, ನಾವು ತೆಗೆದುಕೊಂಡ ದಿನ ಹೊಸದು ಬರುವುದು ನಿಮಗೆ ಗೊತ್ತಿತ್ತೇ?" ಎಂದು ಕೇಳಿದ. ಅಣ್ಣ ನೆಲ ನೋಡಿದರು. ಉತ್ತರಕ್ಕೆ ಅಷ್ಟು ಸಾಕಾಯಿತು. ತಂದೆ ಏರುದನಿಯಲ್ಲಿ ಏನನ್ನೂ ಹೇಳಲಿಲ್ಲ. ಹೊರಡುವಾಗ ಮಾತ್ರ ಹೇಳಿದರು: "ಬೇಟಾ, ಮಾರ್ಕೆಟ್ಟಿಗೆ ಗೂಡು ತರುವ ರೈತನನ್ನು ದಾರಿಯಲ್ಲೇ ನಿಲ್ಲಿಸಿ ಕೊಳ್ಳುವವರು ಹಿಂದೆ ಇದ್ದರು. ಅವರೂ ಸುಳ್ಳು ಹೇಳುತ್ತಿರಲಿಲ್ಲ. ಅಂದಿನ ರೇಟು ಹೇಳುತ್ತಿರಲಿಲ್ಲ, ಅಷ್ಟೇ." ಕಾರನ್ನು ಮಾರದೆ ಹಾಗೆಯೇ ಓಡಿಸಿಕೊಂಡು ಹೋದರು.

ಶಿಡ್ಲಘಟ್ಟದ ಸೀಮೆಯವರಿಗೆ ಈ ಮಾತಿನ ಅರ್ಥ ಬಿಡಿಸಿ ಹೇಳಬೇಕಿಲ್ಲ. ರೈತ ಸುಮಾರು ಒಂದು ತಿಂಗಳು ಹುಳು ಸಾಕಿ ಗೂಡು ಬಿಡಿಸಿ ತರುತ್ತಾನೆ. ಚಿಟ್ಟೆ ಹೊರಬಂದರೆ ಗೂಡು ನೂಲಿಗೆ ಬಾರದು. ಆದ್ದರಿಂದ ಅವನಿಗೆ ಕಾಯುವ ಬಿಡುವಿಲ್ಲ. ದಾರಿಯಲ್ಲಿ ಸಿಕ್ಕವನು ಕಡಿಮೆ ಬೆಲೆ ಹೇಳಿದರೆ ಅವನು ಮೋಸಹೋಗುತ್ತಾನೆಂದೇ 1959ರ ರೇಷ್ಮೆ ಕಾಯಿದೆ ಗೂಡಿನ ವ್ಯಾಪಾರವನ್ನು ಸರಕಾರದ ಮಾರುಕಟ್ಟೆಯ ಒಳಗೆ, ಎಲ್ಲರ ಕಣ್ಣೆದುರಿನ ಹರಾಜಿಗೆ ತಂದಿತು. ರೇಟು ಎಲ್ಲರಿಗೂ ತಿಳಿದಿರಬೇಕೆಂಬುದೇ ಆ ವ್ಯವಸ್ಥೆಯ ತಿರುಳು.

ರಮಝಾನ್ ಆರಂಭವಾಯಿತು. ಪ್ರತಿವರ್ಷದಂತೆ ಝಕಾತಿನ ಲೆಕ್ಕಕ್ಕೆ ಕುಳಿತೆವು. ಸ್ವಂತ ಬಳಕೆಯ ಕಾರಿಗೆ ಝಕಾತ್ ಇಲ್ಲ. ಆದರೆ ಮಾರಲೆಂದು ನಿಲ್ಲಿಸಿದ ಕಾರು ವ್ಯಾಪಾರದ ಸರಕು. ಲೆಕ್ಕದ ದಿನ ಮಾರುಕಟ್ಟೆಯಲ್ಲಿ ಅದರ ಬೆಲೆ ಎಷ್ಟೋ ಅದರ ಮೇಲೆ ಶೇಕಡ ಎರಡೂವರೆ. ನಮ್ಮಲ್ಲಿ ಅದೇ ಮಾದರಿಯ, ಒಂದು ವರ್ಷ ಹಳೆಯದಾದ ಇನ್ನೊಂದು ಕಾರು ನಿಂತಿತ್ತು. ಕೊಂಡದ್ದು 7,80,000ಕ್ಕೆ. ತಮ್ಮ ಲೇಖನಿ ಹಿಡಿದು, "ಹೊಸದು ಬಂದಿದೆಯಲ್ಲ, 6,50,000 ಎಂದು ಬರೆಯೋಣ" ಎಂದ. ಅಣ್ಣ ತಲೆಯಾಡಿಸಿದರು. ಬರೆದ ಮೇಲೆ ಇಬ್ಬರೂ ಸುಮ್ಮನೆ ಕುಳಿತೆವು.

ಲೆಕ್ಕ ತಪ್ಪಾಗಿರಲಿಲ್ಲ. ಅಂದಿನ ಬೆಲೆ ಅದೇ. ನಮ್ಮನ್ನು ತಡೆದದ್ದು ನಮ್ಮ ಚುರುಕು. ಬಡವರ ಪಾಲನ್ನು ಲೆಕ್ಕ ಹಾಕುವಾಗ ಹೊಸ ಮಾದರಿಯ ಸುದ್ದಿ ನಮಗೆ ತಟ್ಟನೆ ನೆನಪಾಯಿತು. ಚಾಚಾ ಎದುರಿಗೆ ಕುಳಿತಿದ್ದಾಗ ಅದೇ ಸುದ್ದಿ ನಮ್ಮ ನಾಲಗೆಗೆ ಬರಲಿಲ್ಲ. ಪವಿತ್ರ ಕುರ್‌ಆನಿನ 83ನೆಯ ಅಧ್ಯಾಯ ಅಲ್ ಮುತಫ್ಫಿಫೀನ್. ಅಳತೆಯಲ್ಲಿ ಕಡಿತ ಮಾಡುವವರ ಹೆಸರಿನಿಂದಲೇ ಅದನ್ನು ಕರೆಯಲಾಗಿದೆ. ತಮಗೆ ಬರಬೇಕಾದದ್ದನ್ನು ಪೂರ್ತಿ ಅಳೆದುಕೊಂಡು, ತಾವು ಕೊಡುವಾಗ ಕೊರತೆ ಮಾಡುವವರಿಗೆ ಅಲ್ಲಿ ಎಚ್ಚರಿಕೆಯಿದೆ. ನಾವು ತಕ್ಕಡಿ ಹಿಡಿಯದ ವ್ಯಾಪಾರಿಗಳು, ಆ ಮಾತು ಕಿರಾಣಿ ಅಂಗಡಿಯವರಿಗೆಂದು ಭಾವಿಸಿದ್ದೆವು. ಒಂದೇ ಸುದ್ದಿಯನ್ನು ಒಂದು ಕಡೆ ತೂಕಕ್ಕೆ ಹಾಕಿ, ಇನ್ನೊಂದು ಕಡೆ ತೆಗೆದಿಟ್ಟವರು ತಕ್ಕಡಿ ಹಿಡಿದವರಲ್ಲದೆ ಇನ್ನೇನು?

ತರಾವೀಹ್ ಮುಗಿದ ಮೇಲೆ ನಮ್ಮ ಮಸೀದಿಯ ಮೌಲಾನಾರವರ ಬಳಿ ಹೋಗಿ ನಡೆದದ್ದನ್ನೆಲ್ಲ ಹೇಳಿದೆವು. ನಮ್ಮನ್ನು ಗದರಿಸುವರೆಂದು ಅಂಜಿದ್ದೆವು. ಅವರು ತಾಳ್ಮೆಯಿಂದ ಬಿಡಿಸಿ ಹೇಳಿದರು. ವ್ಯಾಪಾರ ಊರ್ಜಿತವಾಗಿದೆ. ಮುಂದೆ ಬೆಲೆ ಇಳಿಯುವುದು ವಸ್ತುವಿನ ದೋಷವಲ್ಲ. ನಾಳೆಯ ಬೆಲೆ ಅಲ್ಲಾಹನಿಗೆ ಮಾತ್ರ ಗೊತ್ತು. ಒಬ್ಬ ವ್ಯಾಪಾರಿ ತನಗೆ ತಿಳಿಯದ್ದನ್ನು ಹೇಳಬೇಕೆಂದು ಯಾರೂ ಕೇಳುವುದಿಲ್ಲ. ಹಳೆಯ ಕಾರು ಮಾರಿ ಲಾಭ ಪಡೆಯುವುದೂ ತಪ್ಪಲ್ಲ. ಇಷ್ಟು ಹೇಳಿ ಅವರು ಒಂದು ಪ್ರಶ್ನೆ ಕೇಳಿದರು: "ಹತ್ತು ಸಾವಿರ ಬಿಟ್ಟು, ಇವತ್ತೇ ಮುಗಿಸೋಣ ಎಂದಿರಲ್ಲ, ಆ ಆತುರ ಎಲ್ಲಿಂದ ಬಂತು?"

ಬಳಿಕ ಅವರು ಎರಡು ಹದೀಸ್‌ಗಳ ಸಾರವನ್ನು ನೆನಪಿಸಿದರು. ಒಂದು ನಾವು ಬಾಲ್ಯದಿಂದ ಕೇಳಿದ್ದು. ಪ್ರವಾದಿ(ಸ)ರವರು ಸಂತೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟಾಗ ಒಳಗಿನ ಧಾನ್ಯ ಒದ್ದೆಯಾಗಿತ್ತು. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದ. ಹಾಗಾದರೆ ಜನರಿಗೆ ಕಾಣುವಂತೆ ಅದನ್ನು ಮೇಲೆ ಏಕೆ ಇಡಲಿಲ್ಲವೆಂದು ಪ್ರವಾದಿ(ಸ)ರವರು ಅವನನ್ನು ಪ್ರಶ್ನಿಸಿದರು. ಇನ್ನೊಂದನ್ನು ನಾವು ಅಷ್ಟಾಗಿ ಗಮನಿಸಿರಲಿಲ್ಲ. ಸರಕು ಹೊತ್ತು ಬರುವ ತಂಡಗಳನ್ನು ಊರ ಹೊರಗೆ ಎದುರುಗೊಂಡು, ಅವರಿಗೆ ಮಾರುಕಟ್ಟೆಯ ಬೆಲೆ ತಿಳಿಯುವ ಮುನ್ನವೇ ಕೊಳ್ಳುವುದನ್ನು ಪ್ರವಾದಿ(ಸ)ರವರು ನಿಷೇಧಿಸಿದ್ದಾರೆ. ಹಾಗೆ ಮಾರಿದವನು ಮಾರುಕಟ್ಟೆಗೆ ಬಂದು ನಿಜವಾದ ಬೆಲೆ ತಿಳಿದಾಗ ವ್ಯಾಪಾರವನ್ನು ರದ್ದು ಮಾಡುವ ಆಯ್ಕೆಯೂ ಅವನಿಗಿದೆ. ಅಲ್ಲಿ ಅರಿಯದವನು ಮಾರುವವನು, ನಮ್ಮ ಸಂಗತಿಯಲ್ಲಿ ಅರಿಯದವರು ಕೊಳ್ಳುವವರು. "ಎರಡೂ ಒಂದೇ ವಿಧಿಯೆಂದು ನಾನು ಹೇಳಲಾರೆ" ಎಂದರು ಮೌಲಾನಾ. "ಆದರೆ ಎದುರಿನವನ ಅಜ್ಞಾನವನ್ನು ನಿಮ್ಮ ಬಂಡವಾಳ ಮಾಡಿಕೊಳ್ಳಬೇಡಿ ಎಂಬ ಕಾಳಜಿ ಎರಡರಲ್ಲೂ ಒಂದೇ." ಶಿಡ್ಲಘಟ್ಟದ ಚಾಚಾ ಈ ಹದೀಸನ್ನು ಓದಿದ್ದರೋ ಇಲ್ಲವೋ. ಗೂಡಿನ ಮಾರ್ಕೆಟ್ಟಿನಲ್ಲಿ ನಿಂತು ಅದರ ಅರ್ಥವನ್ನಂತೂ ಕಂಡಿದ್ದರು.

ದಾರಿಯೇನೆಂದು ಕೇಳಿದಾಗ ಮೌಲಾನಾರವರು 'ಇಕಾಲಾ' ಎಂಬ ಮಾತನ್ನು ತಿಳಿಸಿದರು. ಮುಗಿದ ವ್ಯಾಪಾರಕ್ಕಾಗಿ ಪಶ್ಚಾತ್ತಾಪ ಪಡುವವನಿಂದ ವಸ್ತುವನ್ನು ಮರಳಿ ಪಡೆದು ಅವನ ಹಣವನ್ನು ಹಿಂದಿರುಗಿಸುವುದೇ ಇಕಾಲಾ. ಹೀಗೆ ಮಾಡುವವನ ಎಡವಟ್ಟುಗಳನ್ನು ಅಲ್ಲಾಹನು ಅಂತ್ಯದಿನದಂದು ಮನ್ನಿಸುವನೆಂಬ ಶುಭವಾರ್ತೆ ಹದೀಸ್‌ನಲ್ಲಿದೆ. ಅದು ಕೊಟ್ಟ ಬೆಲೆಗೇ ಆಗಬೇಕು, ಅದರಲ್ಲಿ ಮತ್ತೆ ಲಾಭ ಹಿಡಿಯಲು ಹೋಗಬೇಡಿ ಎಂದೂ ಹೇಳಿದರು.

ಎರಡು ಲಕ್ಷಕ್ಕಿಂತ ಹೆಚ್ಚಿನ ಮಾತು. ನಮ್ಮಂಥವರಿಗೆ ಅದು ಸಣ್ಣ ಮೊತ್ತವಲ್ಲ. ಆ ರಾತ್ರಿ ಮನೆಯಲ್ಲಿ ವಾದ ನಡೆಯಿತು. ವ್ಯಾಪಾರ ಊರ್ಜಿತವೆಂದು ಮೌಲಾನಾರವರೇ ಹೇಳಿದ ಮೇಲೆ ಇದೆಲ್ಲ ಏಕೆ, ಬೆಲೆ ಏರಿದ್ದರೆ ಅವರು ಬಂದು ಲಾಭ ಹಂಚುತ್ತಿದ್ದರೇ ಎಂದು ತಮ್ಮ ಕೇಳಿದ. ನ್ಯಾಯವಾದ ಪ್ರಶ್ನೆಯೇ. ಅಮ್ಮಿ ಜಾನಮಾಝಿನ ಮೇಲೆ ಕುಳಿತೇ ಹೇಳಿದರು: "ಏರುತ್ತದೆಂದು ನಿಮಗೆ ಗೊತ್ತಿದ್ದರೆ ನೀವು ಮಾರುತ್ತಿದ್ದಿರೇ?" ವಾದ ಅಲ್ಲಿಗೆ ನಿಂತಿತು.

ಮರುದಿನ ಶಿಡ್ಲಘಟ್ಟಕ್ಕೆ ಹೋದೆವು. ಗೊತ್ತಿದ್ದೂ ಹೇಳಲಿಲ್ಲವೆಂಬುದನ್ನು ಬಾಯಿ ಬಿಟ್ಟು ಒಪ್ಪಿಕೊಂಡು, ಕಾರನ್ನು 10,40,000ಕ್ಕೇ ಹಿಂದಕ್ಕೆ ಪಡೆಯುತ್ತೇವೆಂದೆವು. ಮಗ ಎರಡು ತಿಂಗಳು ಓಡಿಸಿದ್ದಾನೆ, ನಲವತ್ತು ಸಾವಿರ ಹಿಡಿದುಕೊಳ್ಳಿರೆಂದು ಚಾಚಾ ಹಟ ಹಿಡಿದರು. ಮೌಲಾನಾರವರ ಮಾತನ್ನು ತಿಳಿಸಿ ಒಪ್ಪಿಸಬೇಕಾಯಿತು. ಆರು ಲಕ್ಷವನ್ನು ಅಂದೇ ಕೊಟ್ಟೆವು. ಉಳಿದದ್ದನ್ನು ಬಕ್ರೀದಿನೊಳಗೆ ತೀರಿಸಿದೆವು. ಕೀಲಿ ಕೊಡುವಾಗ ಹುಡುಗ ಕಾರಿನ ಬಾಗಿಲನ್ನು ಕೈಯಿಂದ ಒಮ್ಮೆ ಒರೆಸಿ, ಮೆಲ್ಲಗೆ ಕೇಳಿದ: "ಭಾಯ್, ನಾವು ತಿರುಗಿ ಬರದೇ ಇದ್ದಿದ್ದರೆ?"

ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ಅಲ್ಲಾಹನು ನಮ್ಮ ಮಾತನ್ನು ಪರೀಕ್ಷಿಸಲು ತಡಮಾಡಲಿಲ್ಲ. ಅದೇ ವರ್ಷ ಆಗಸ್ಟ್ 15ರಂದು ಜಿಎಸ್‌ಟಿ ಬದಲಾಗಲಿದೆಯೆಂದು ಪ್ರಧಾನಿಯವರು ಕೆಂಪುಕೋಟೆಯಿಂದ ಪ್ರಕಟಿಸಿದರು. ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ತೆರಿಗೆ ಶೇಕಡ 28 ಮತ್ತು ಸೆಸ್ ಇದ್ದದ್ದು 18ಕ್ಕೆ ಇಳಿಯಿತು. ದೊಡ್ಡ ಕಾರುಗಳಿಗೆ ಸೆಸ್ ಹೋಗಿ 40 ಆಯಿತು. ಹೊಸ ಕಾರು ಅಗ್ಗವಾದರೆ ಹಳೆಯದು ಇಳಿಯಲೇಬೇಕು. ಆ ಐದು ವಾರ ನಮ್ಮಲ್ಲಿಗೆ ಬಂದವರಿಗೆಲ್ಲ, ಹೊಸ ಕಾರಿನ ಬೆಲೆ ಇಳಿಯುವ ಮಾತಿದೆ, ಅವಸರವಿಲ್ಲದಿದ್ದರೆ ಕಾಯಿರಿ ಎಂದೆವು. ಮದುವೆಗೆ ತುರ್ತಾಗಿ ಬೇಕೆಂದ ಒಬ್ಬರು ಮಾತ್ರ ಎಲ್ಲವನ್ನೂ ತಿಳಿದೇ ಕೊಂಡರು. ಉಳಿದವರು ಹಿಂದಿರುಗಿ ಹೋದರು. ಬ್ಯಾಂಕಿನ ಖಾತೆ ಬರಿದಾದ ಆ ದಿನಗಳು ಸುಲಭವಾಗಿರಲಿಲ್ಲ. ಹೋದವರಲ್ಲಿ ಕೆಲವರು ಅಕ್ಟೋಬರಿನಲ್ಲಿ ಮರಳಿ ಬಂದರು, ಕೆಲವರು ಬರಲಿಲ್ಲ.

ಕೊಳ್ಳುವ ಕುಟುಂಬಗಳಿಗೂ ಒಂದು ಮಾತು ಹೇಳಬೇಕು. ಮನೆಯ ಮಗ ವೇಗದ ಕಾರನ್ನು ಬಯಸಿದರೆ ಅದೇ ಒಂದು ಪಾಪವೆಂದು ಅವನನ್ನು ಕುಗ್ಗಿಸಬೇಡಿ. ದುಡಿದ ಹುಡುಗನಿಗೆ ಒಂದು ಆಸೆ ಇರಬಾರದೇ? ಆದರೆ ಆ ಹಣ ವ್ಯಾಪಾರದ ಬಂಡವಾಳವಾಗಿರದಿರಲಿ. ಬಡ್ಡಿಯ ಸಾಲವಂತೂ ಬೇಡವೇ ಬೇಡ, ಏಕೆಂದರೆ ಕಾರಿನ ಬೆಲೆ ಇಳಿದರೂ ಸಾಲದ ಕಂತು ಇಳಿಯುವುದಿಲ್ಲ. ಮಾರುವವರನ್ನು ಗಾಡಿಯ ಸ್ಥಿತಿಯ ಜೊತೆಗೆ ಇದನ್ನೂ ಕೇಳಿರಿ: ಇದರ ಹೊಸ ಮಾದರಿ ಬರುವ ಸುದ್ದಿಯಿದೆಯೇ? ಇಂದು ಕೊಂಡು ಆರು ತಿಂಗಳಲ್ಲಿ ತಂದರೆ ನೀವೇ ಎಷ್ಟಕ್ಕೆ ಹಿಂದೆ ಪಡೆಯುತ್ತೀರಿ? ಎರಡನೆಯ ಪ್ರಶ್ನೆಗೆ ವ್ಯಾಪಾರಿ ತಡವರಿಸಿದರೆ ಮನೆಗೆ ಹೋಗಿ ಒಂದು ರಾತ್ರಿ ಯೋಚಿಸಿರಿ.

ಆ ಹುಡುಗನ ಪ್ರಶ್ನೆ ಮಾತ್ರ ನಮ್ಮನ್ನು ಬಿಡಲಿಲ್ಲ. ಅಂಗಡಿಯ ಹಳೆಯ ವಹಿಗಳನ್ನು ತೆಗೆದು ಕುಳಿತೆವು. ಹೊಸದು ಬರುವುದು ಗೊತ್ತಿದ್ದೂ ಸುಮ್ಮನಿದ್ದು ಮಾರಿದ ಇನ್ನೂ ನಾಲ್ಕು ಕಾರುಗಳು ನಮಗೆ ನೆನಪಾದವು. ಇಬ್ಬರನ್ನು ಹುಡುಕಿ ಭೇಟಿಯಾದೆವು. ಗೌರಿಬಿದನೂರಿನ ಒಬ್ಬರು ನಕ್ಕು ಚಹಾ ಕೊಟ್ಟು ಕ್ಷಮಿಸಿದರು. ಇನ್ನೊಬ್ಬರು ಕಾರನ್ನು ಆಗಲೇ ನಷ್ಟಕ್ಕೆ ಮಾರಿದ್ದರು. ಅವರೊಂದಿಗೆ ಮಾತಾಡಿ ಒಂದು ಮೊತ್ತಕ್ಕೆ ಒಪ್ಪಿಕೊಂಡು ಕೊಡುತ್ತಿದ್ದೇವೆ. ಉಳಿದಿಬ್ಬರ ಫೋನು ನಂಬರು ಬದಲಾಗಿದೆ, ಮನೆಯೂ ಬದಲಾಗಿದೆ. ಆ ಎರಡು ಹೆಸರುಗಳ ಎದುರು ವಹಿಯಲ್ಲಿ ಗುರುತು ಹಾಕಿ ಇಟ್ಟಿದ್ದೇವೆ. ಅವರನ್ನು ಈ ಲೋಕದಲ್ಲೇ ಭೇಟಿ ಮಾಡಿಸೆಂದು ಅಲ್ಲಾಹನಲ್ಲಿ ಬೇಡುತ್ತಿದ್ದೇವೆ. ಓದುಗರೂ ನಮಗಾಗಿ ದುಆ ಮಾಡಿರಿ. ಆಮೀನ್.